ಹತ್ತಿ ವಖಾರಿಯ ಹಳೇ ಹಸಿರು ಬಣ್ಣ

ನಮ್ಮ ಕಚೇರಿಗೆ ಧಾರವಾಡದಿಂದ ದೊಡ್ಡ ಅಧಿಕಾರಿ ಯಾರಾದರೂ ತಪಾಸಣೆಗೆ ಬರುತ್ತಾರೆ ಎಂದರೆ, ನಾನು ಕೆಲಸಕ್ಕೆ ಸೇರಿದ ದಿನದಿಂದ ನೋಡಿದ್ದೇನೆ, ಎರಡೇ ಸಿದ್ಧತೆ. ವಿಲೇವಾರಿಯಾಗದ ಅರ್ಜಿಗಳನ್ನು ಹಿಂದಿನ ಕೋಣೆಗೆ ಸಾಗಿಸುವುದು, ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಯುವುದು. ಅರ್ಜಿ ಕೊಟ್ಟ ರೈತ ವರ್ಷಗಟ್ಟಲೆ ಕಾದರೂ ನಡೆಯುತ್ತದೆ. ಬಾಗಿಲಿನ ಬಣ್ಣ ಮಾತ್ರ ಮಾಸುವ ಹಾಗಿಲ್ಲ.

ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವ ರಸ್ತೆಯ ಮೇಲಿನ ಒಂದು ಊರು ಅದು. ಇಲಾಖೆಯ ಹೆಸರು ಹೇಳುವುದಿಲ್ಲ. ನನಗಿನ್ನೂ ಪಿಂಚಣಿ ಬರಬೇಕಾಗಿದೆ. ಕಟ್ಟಡ ಮೊದಲು ಒಬ್ಬ ಸಾಹುಕಾರರ ಹತ್ತಿ ವಖಾರಿಯಾಗಿತ್ತು. ಹತ್ತಿಯ ಮೂಟೆಗಳು ಹೋಗಿ ಕಡತದ ಮೂಟೆಗಳು ಬಂದವು, ಅಷ್ಟೇ ವ್ಯತ್ಯಾಸ. ಆಳೆತ್ತರವನ್ನೂ ಮೀರಿದ ಸಾಗವಾನಿ ಬಾಗಿಲುಗಳು, ಕಬ್ಬಿಣದ ಸರಳಿನ ದೊಡ್ಡ ಕಿಟಕಿಗಳು, ಅವುಗಳ ಮೇಲೆ ಪದರ ಪದರವಾಗಿ ಎಣ್ಣೆ ಬಣ್ಣ. ಎಲ್ಲಾದರೂ ಒಂದು ಚೂರು ಎದ್ದು ಬಿದ್ದರೆ ಅದರ ಅಂಚಿನಲ್ಲಿ ಹಸಿರು, ಕಂದು, ಹಳದಿ, ಮತ್ತೆ ಹಸಿರು ಎಂದು ಎಣಿಸಬಹುದಿತ್ತು. ಒಂದೊಂದು ಪದರವೂ ಒಂದೊಂದು ತಪಾಸಣೆ. ನಮ್ಮ ಇಲಾಖೆಯ ಇತಿಹಾಸ ಬೇಕಾದವರು ಕಡತ ಓದಬೇಕಾಗಿರಲಿಲ್ಲ, ಬಾಗಿಲು ಕೆರೆದರೆ ಸಾಕಿತ್ತು.

ಕೆಲವು ವರ್ಷಗಳ ಹಿಂದೆ ವರ್ಗವಾಗಿ ಬಂದ ಸಾಹೇಬರಿಗೆ ಅದನ್ನೇ ಮಾಡುವ ಮನಸ್ಸಾಯಿತು. ಹುಬ್ಬಳ್ಳಿಯ ಯಾವುದೋ ಹೋಟೆಲಿನಲ್ಲಿ ಹಳೇ ಬಾಗಿಲುಗಳ ಬಣ್ಣ ತೆಗೆಸಿ ಕಟ್ಟಿಗೆಯನ್ನು ಮಿಂಚಿಸಿದ್ದನ್ನು ಅವರು ನೋಡಿಕೊಂಡು ಬಂದಿದ್ದರು. ಹೋಟೆಲಿನಲ್ಲಿ ಅವರಿಗೆ ಊಟ ಹಿಡಿಸಲಿಲ್ಲವಂತೆ, ಬಾಗಿಲು ಹಿಡಿಸಿತಂತೆ.

"ಮ್ಯಾಲ ಮ್ಯಾಲ ಬಡಿಯೂದು ಸಾಕ್ರಿ," ಎಂದರು. "ಬುಡಾ ತನಕಾ ಕೆರಸೂಣು. ಒಳಗ ಅಗದಿ ಛಲೋ ಸಾಗವಾನಿ ಐತಿ. ತಪಾಸಣಿಗೆ ಬಂದಾವ್ರು ಬಾಗಲಾ ನೋಡಿ ನಿಂದ್ರಬೇಕು."

ಬಾಗಿಲಲ್ಲೇ ನಿಂತರೆ ಒಳಗೆ ಬಂದು ಕಡತ ನೋಡುವುದಿಲ್ಲ ಎಂಬ ಲೆಕ್ಕವೂ ಅದರಲ್ಲಿತ್ತೋ ಏನೋ. ನಾವೆಲ್ಲ ತಲೆಯಾಡಿಸಿದೆವು. ಆ ಕಚೇರಿಯಲ್ಲಿ ನಮ್ಮ ಮುಖ್ಯ ಕೆಲಸವೇ ಅದು.

ಸೋಮವಾರ ಗುತ್ತಿಗೆದಾರ ಇಬ್ಬರು ಪೇಂಟರುಗಳನ್ನೂ ಎರಡು ಗ್ರೈಂಡರ್ ಯಂತ್ರಗಳನ್ನೂ ತಂದ. ಕಚೇರಿ ನಡೆಯುತ್ತಿರುವಾಗಲೇ ಕೆಲಸ ಶುರುವಾಯಿತು. ರಜೆ ಕೊಡುವುದಕ್ಕೆ ಇಲ್ಲವೇ ಸ್ಥಳ ಬದಲಿಸುವುದಕ್ಕೆ ಮೇಲಿನಿಂದ ಅನುಮತಿ ಬೇಕಿತ್ತು. ಧೂಳು ಎಬ್ಬಿಸುವುದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಯಂತ್ರ ಬಾಗಿಲಿಗೆ ತಾಗಿದ್ದೇ ತಡ, ಹಸಿರು ಹಿಟ್ಟು ಹಾರತೊಡಗಿತು. ಮಧ್ಯಾಹ್ನದ ಹೊತ್ತಿಗೆ ಮೇಜು, ಕುರ್ಚಿ, ಕಡತ, ನೀರಿನ ಕೊಡ, ನಮ್ಮ ರೆಪ್ಪೆ, ಎಲ್ಲವೂ ಒಂದೇ ಬಣ್ಣ. ನಾನು ಬುತ್ತಿ ಬಿಚ್ಚಿದರೆ ರೊಟ್ಟಿಯ ಮೇಲೆ ತೆಳ್ಳಗೆ ಉದುರಿಸಿದಂತೆ ಬಿತ್ತು. ಕೊಡವಿ ತಿಂದೆ. ಸಾಹೇಬರು ಮಾತ್ರ ತಮ್ಮ ಕೋಣೆಯ ಕದ ಮುಚ್ಚಿ, ಏಸಿ ಹಚ್ಚಿಕೊಂಡು, ಆಗಾಗ ಗಾಜಿನಿಂದ ಇಣುಕಿ ಕೆಲಸದ ಪ್ರಗತಿ ನೋಡುತ್ತಿದ್ದರು.

ಕಂಪ್ಯೂಟರಿನಲ್ಲಿ ಅರ್ಜಿ ಏರಿಸುವ ಒಬ್ಬ ಹುಡುಗಿ ನಮ್ಮಲ್ಲಿದ್ದಳು. ಗುತ್ತಿಗೆಯ ಮೇಲಿನ ಕೆಲಸ, ಕಲಘಟಗಿ ಕಡೆಯ ತವರು, ಮದುವೆಯಾಗಿ ಈ ಊರಿಗೆ ಬಂದವಳು. ಚೊಚ್ಚಲ ಬಸುರಿ, ಆರನೇ ತಿಂಗಳು. ಅವಳ ಮೇಜು ಕಿಟಕಿಯ ಕೆಳಗೇ ಇತ್ತು, ಯಂತ್ರ ಓಡುತ್ತಿದ್ದದ್ದೂ ಆ ಕಿಟಕಿಗೇ. ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಒಂದೇ ಕೈಯಲ್ಲಿ ಕೀಲಿ ಒತ್ತುತ್ತಿದ್ದಳು.

"ತಂಗಿ, ಆ ಕಡೆ ಸರದು ಕುಂದ್ರ," ಎಂದೆ.

"ವೈರು ಅಲ್ಲೀ ತನಕಾ ಬರೂದಿಲ್ರಿ ಅಕ್ಕಾರ," ಎಂದಳು. ಅವಳು ತಪ್ಪು ಹೇಳಿರಲಿಲ್ಲ. ಆ ವೈರು ಉದ್ದ ಮಾಡಿಸಿ ಎಂದು ನಾನೇ ಬರೆದ ಟಿಪ್ಪಣಿ ಹಿಂದಿನ ಕೋಣೆಯ ಮೂಟೆಯಲ್ಲಿತ್ತು.

ಸಂಜೆ ಕಸ ಹೊಡೆಯುವ ಕಾಕು ಒಣ ಕಸಬರಿಗೆ ಹಿಡಿದು ಆ ಹಿಟ್ಟನ್ನೆಲ್ಲ ಗುಡಿಸಿದಳು. ಅರ್ಧ ನೆಲದಿಂದ ಎದ್ದು ಗಾಳಿಗೆ ಹೋಯಿತು, ಗಾಳಿಯಿಂದ ಅವಳ ಎದೆಗೆ ಹೋಯಿತು. ನಾನು ಬಸ್ಸಿಗೆ ತಡವಾಗುತ್ತದೆಂದು, "ಲಗೂನ ಗುಡಿಸಿ ಮುಗಸ ಕಾಕು," ಎಂದು ಅವಸರ ಮಾಡಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಸಾಹೇಬರನ್ನು ಇಷ್ಟೊಂದು ಆಡಿಕೊಳ್ಳುವಾಗ ನನ್ನದೂ ಒಂದು ಮಾತು ಇರಲಿ. ಕಿತ್ತು ಒಗೆದಿದ್ದ ಹಳೇ ಕಿಟಕಿಯ ಚೌಕಟ್ಟಿನ ತುಂಡುಗಳನ್ನು ಒಲೆಗೆ ಒಯ್ಯಲೇ ಎಂದು ಅವಳು ಕೇಳಿದಾಗ ಒಯ್ಯಿ ಎಂದವಳೂ ನಾನೇ. ದಾನ ಮಾಡಿದ ಸಂತೋಷದಲ್ಲಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಚಾಚಾ ಬಂದರು.

ಚಾಚಾ ಎಂದರೆ ಊರಿನ ಹಳೇ ಪೇಂಟರು. ಅಕ್ಷರ ಬರೆಯುವುದರಲ್ಲಿ ಅವರದು ಎತ್ತಿದ ಕೈ. ಟ್ರ್ಯಾಕ್ಟರ್ ಟ್ರೇಲರಿನಿಂದ ಹಿಡಿದು ಸಾಲಿ ಗೋಡೆಯವರೆಗೆ ಸುತ್ತಲಿನ ಹಳ್ಳಿಗಳಲ್ಲಿ ಅವರ ಕೈಬರಹವಿದೆ. ಸಾಹೇಬರ ಹುದ್ದೆಯ ಹೊಸ ಫಲಕ ಬರೆಯಲು ಅವರನ್ನು ಕರೆಸಿದ್ದರು. ಕಟ್ಟೆ ಏರಿ ಬಂದವರು ಗ್ರೈಂಡರ್ ಸದ್ದಿಗೆ ಅಲ್ಲೇ ನಿಂತರು. ನೆಲದ ಮೇಲಿನ ಹಸಿರು ಹಿಟ್ಟನ್ನು ನೋಡಿದರು, ಕಿಟಕಿಯ ಕೆಳಗೆ ಕೂತ ಹುಡುಗಿಯನ್ನು ನೋಡಿದರು. ಆಮೇಲೆ ಯಾರನ್ನೂ ಕೇಳದೆ ನಡೆದು ಹೋಗಿ ಗೋಡೆಯಲ್ಲಿದ್ದ ಎರಡೂ ಪ್ಲಗ್ಗುಗಳನ್ನು ಕಿತ್ತುಬಿಟ್ಟರು.

ಗುತ್ತಿಗೆದಾರ ಹೊರಗಿನಿಂದ ಓಡಿ ಬಂದ. "ಯಾಕ್ರೀ ಚಾಚಾ, ತಲಿ ಕೆಟ್ಟೇತೇನು?"

"ನಂದು ಕೆಟ್ಟಿದ್ದು ಆತಪಾ, ಇನ್ನ ಇವರದು ಕೆಡಸಬ್ಯಾಡ," ಎಂದು ಚಾಚಾ ನನ್ನ ಕಡೆ ತಿರುಗಿದರು. "ಅಕ್ಕಾರ, ಮೊದಲ ಆ ಹುಡುಗೀನ್ನ ಹೊರಗ ಕಳಸ್ರಿ. ಕೈ ಮಾರಿ ತೊಳಕೊಳ್ಳಾಕ ಹೇಳ್ರಿ. ಇದು ಧೂಳಲ್ರಿ, ಇಷಾ."

ಹುಡುಗಿಯನ್ನು ಹೊರಗಿನ ಬೇವಿನ ಗಿಡದ ಕೆಳಗೆ ಕೂರಿಸಿ ಬಂದೆ. ಚಾಚಾ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದರು.

"ನಾ ಕೆಲಸಾ ಕಲಿಯೂ ಮುಂದ ಈಗಿನಂಗ ಡಬ್ಬಿ ಬಣ್ಣ ಎಲ್ಲಿ ಸಿಗ್ತಿತ್ರಿ? ಸಫೇದಾ ಪುಡಿ ತರೂದು, ಅಗಸಿ ಎಣ್ಣ್ಯಾಗ ಕಲಸೂದು, ಹಚ್ಚೂದು. ಆ ಸಫೇದಾದಾಗ ಇರೂದು ಸೀಸಾರೀ. ಹಳದಿ ಒಳಗೂ ಸೀಸಾ, ಹಸರಿನೊಳಗೂ ಸೀಸಾ. ಕಬ್ಬಣಕ್ಕ ಮೊದಲ ಹಚ್ಚತಾರಲ್ರಿ ಕೆಂಪು, ಅದರಾಗಂತೂ ಕೇಳಬ್ಯಾಡ್ರಿ. ಈ ಬಾಗಲಕ್ಕ ನಮ್ಮ ಉಸ್ತಾದರ ಹಚ್ಚಿದ್ದು, ನಾ ಬಾಜೂಕ ನಿಂತು ಕಲಸಿ ಕೊಟ್ಟೇನಿ. ಕಟಗಿಗೆ ಗಟ್ಯಾಗಿ ಹತಗೊಂಡು ಕುಂತ್ರ ಯಾರಿಗೂ ಏನೂ ಮಾಡೂದಿಲ್ಲ. ಹಿಂಗ ಹಿಟ್ಟು ಮಾಡಿ ಹಾರಿಸಿದ್ರ ಉಸರಿನ್ಯಾಗ ಹೊಕ್ಕತೈತಿ, ಊಟದಾಗ ಹೊಕ್ಕತೈತಿ. ಹೊಕ್ಕದ್ದು ಎಲುವಿನ್ಯಾಗ ಮನಿ ಮಾಡತೈತಿ."

ಬಲಗೈಯನ್ನು ನೇರ ಚಾಚಿ ತೋರಿಸಿದರು. ಮಣಿಕಟ್ಟಿನಿಂದ ಮುಂದೆ ಕೈ ತಾನಾಗಿ ಜೋತು ಬಿತ್ತು. ಅದನ್ನು ಎಡಗೈಯಿಂದ ಹಿಡಿದು ಎತ್ತಿಟ್ಟುಕೊಂಡರು. ಅಕ್ಷರ ಬರೆಯುವಾಗಲೂ ಹೀಗೇ ಎಡಗೈಯ ಆಸರೆ ಕೊಡುತ್ತಿದ್ದರಂತೆ. ಎಷ್ಟೋ ವರ್ಷ ಹೊಟ್ಟೆನೋವೆಂದು ಊರಿನ ವೈದ್ಯರು ಗ್ಯಾಸಿನ ಗುಳಿಗೆ ಕೊಟ್ಟರಂತೆ. ಮಲಬದ್ಧತೆಗೆ ಒಂದು, ನಿಶ್ಶಕ್ತಿಗೆ ಒಂದು, ಸಿಟ್ಟು ಹೆಚ್ಚಾಗಿದೆಯೆಂದು ಇನ್ನೊಂದು. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, "ನೀವು ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದರಂತೆ.

"ಇಪ್ಪತ್ತು ವರಸದಾಗ ಆ ಮಾತು ಕೇಳಿದಾಂವ ಅವನೊಬ್ಬನ ನೋಡ್ರಿ," ಎಂದರು ಚಾಚಾ. ರಕ್ತ ಪರೀಕ್ಷೆ ಮಾಡಿಸಿದರೆ ಸೀಸ ಸಿಕ್ಕಿತು. ಔಷಧಿ ಕೊಟ್ಟು, ಹಳೇ ಬಣ್ಣ ಕೆರೆಯುವ ಕೆಲಸ ಬಿಡಬೇಕೆಂದು ಹೇಳಿ ಕಳಿಸಿದ್ದರು.

"ಬಸರ್ಯಾರಿಗಂತೂ ಭಾಳ ಕೆಟ್ಟರಿ," ಎಂದು ಅವರು ಸಣ್ಣ ದನಿಯಲ್ಲಿ ಸೇರಿಸಿದರು. "ಹೊಟ್ಟ್ಯಾಗಿನ ಕೂಸಿಗೂ ಹೊಕ್ಕತೈತಂತ ಆ ಡಾಕ್ಟರ ಹೇಳ್ಯಾನ."

ಹಿಂದಿನ ದಿನ ಕೊಡವಿ ತಿಂದ ರೊಟ್ಟಿ ನೆನಪಾಗಲಿಲ್ಲ. ಸೆರಗು ಮೂಗಿಗೆ ಹಿಡಿದು ಕೂತ ಆ ಹುಡುಗಿ ಕಣ್ಣಿಗೆ ಕಟ್ಟಿದಳು. ಸೀದಾ ಸಾಹೇಬರ ಕೋಣೆಗೆ ಹೋದೆ.

"ಸಾಹೇಬ್ರ, ಕೆಲಸಾ ನಿಂದ್ರಸಬೇಕ್ರಿ. ಹಳೇ ಬಣ್ಣದಾಗ ಸೀಸಾ ಐತಂತ."

"ಬಾಗಲದಾಗ ಬಾಟ್ಲಿ ಎಲ್ಲಿಂದ ಬಂತ್ರಿ?" ಎಂದರು ಸಾಹೇಬರು.

ಬಾಟಲಿಯ ಸೀಸೆ ಅಲ್ಲ, ಲೋಹದ ಸೀಸ ಎಂದು ಬಿಡಿಸಿ ಹೇಳಿದೆ. ಅವರು ಕುರ್ಚಿಗೆ ಒರಗಿ ನಕ್ಕರು. ಅವರ ಅಜ್ಜ ಇಂಥದೇ ಬಣ್ಣದ ಮನೆಯಲ್ಲಿ ತೊಂಬತ್ತು ವರ್ಷ ಬಾಳಿದ್ದರಂತೆ. ಎಲ್ಲ ಸಾಹೇಬರಿಗೂ ಅಂಥ ಒಬ್ಬ ಅಜ್ಜ ಇರುತ್ತಾನೆ. ತಂಬಾಕು ತಿಂದೂ, ಹೆಲ್ಮೆಟ್ ಹಾಕದೆಯೂ, ಈಗ ಸೀಸ ಉಸಿರಾಡಿಯೂ ತೊಂಬತ್ತು ದಾಟಿರುತ್ತಾನೆ.

"ಒಬ್ಬ ಪೇಂಟರ ಮಾತು ಕೇಳಿ ಸರಕಾರಿ ಕೆಲಸಾ ನಿಂದ್ರಸಾಕ ಬರ್ತೈತೇನ್ರಿ? ಬರದು ಕೊಡ್ರಿ, ನೋಡೂಣು."

ಬರೆದು ಕೊಡಿ ಎಂದರೆ ನಮ್ಮಲ್ಲಿ ಬಾಯಿ ಮುಚ್ಚಿ ಎಂದು ಅರ್ಥ. ನಾನು ಅದನ್ನು ಅಕ್ಷರಶಃ ತೆಗೆದುಕೊಂಡೆ. ಅರ್ಧ ಗಂಟೆಯಲ್ಲಿ ಎರಡು ಪುಟ ಬರೆದು, ಗರ್ಭಿಣಿ ಸಿಬ್ಬಂದಿಗೆ ತೊಂದರೆಯಾದರೆ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಕೊನೆಯ ಸಾಲಿನಲ್ಲಿ ಇಟ್ಟು, ಸ್ವೀಕೃತಿಯ ಸಹಿ ಕೇಳಿದೆ. 'ಹೊಣೆ' ಎಂಬ ಶಬ್ದ ಕಂಡೊಡನೆ ಸಾಹೇಬರ ಮುಖದ ನಗು ಇಳಿಯಿತು. ಕೆಲಸ ತಾತ್ಕಾಲಿಕವಾಗಿ ನಿಂತಿತು. ಜೊತೆಗೆ ಒಂದು ಆದೇಶವೂ ಹೊರಬಿತ್ತು: ಸದರಿ ವಿಷಯಕ್ಕೆ ಸದರಿ ಸಹಾಯಕಿಯವರನ್ನೇ ನೋಡಲ್ ಅಧಿಕಾರಿಯನ್ನಾಗಿ ನೇಮಿಸಲಾಗಿದೆ, ಧೂಳು ಏಳದಂತೆ ಅವರೇ ಕ್ರಮ ವಹಿಸತಕ್ಕದ್ದು. ಹೀಗೆ ಸೀಸ ಎಂದರೆ ಏನೆಂದು ಒಂದು ಗಂಟೆಯ ಹಿಂದೆ ತಿಳಿದವಳು ಆ ವಿಷಯದ ಸರ್ಕಾರಿ ತಜ್ಞಳಾದೆ.

ಮೊದಲ ಕೆಲಸವಾಗಿ ನಾನು ಕಾಕುವಿನ ಮನೆಗೆ ಹೋದೆ. ಹೋಗುವಷ್ಟರಲ್ಲಿ ಅವಳು ಒಲೆ ಹೊತ್ತಿಸುವುದರಲ್ಲಿದ್ದಳು. ಒಂದು ತುಂಡು ಹಿಂದಿನ ಸಂಜೆಯೇ ನೀರು ಕಾಸುವುದಕ್ಕೆ ಮುಗಿದಿತ್ತು. ಉಳಿದ ಹಸಿರು ತುಂಡುಗಳು ಒಲೆಯ ಬದಿಗೆ ಅಚ್ಚುಕಟ್ಟಾಗಿ ಒಟ್ಟಿದ್ದವು. ಸುಟ್ಟರೆ ಹೊಗೆಯಲ್ಲಿ ಸೀಸ ಏಳುತ್ತದೆ, ಧೂಳಿಗಿಂತ ಅದು ಕೆಟ್ಟದ್ದು ಎಂದು ಚಾಚಾ ಹೇಳಿ ಕಳಿಸಿದ್ದರು.

"ಕಾಕು, ಆ ಕಟಗಿ ಒಲಿಗೆ ಹಾಕಬ್ಯಾಡ. ವಾಪಸ್ ಕೊಡು."

ಕಾಕು ಸೊಂಟದ ಮೇಲೆ ಕೈಯಿಟ್ಟಳು. "ಕೊಟ್ಟಾವ್ರೂ ನೀವ, ಕಸಗೊಳ್ಳಾಕ ಬಂದಾವ್ರೂ ನೀವ? ಸರಕಾರದವರು ಹಿಂಗ ಇರತೀರಿ ನೋಡ್ರಿ. ಸಾಹೇಬ್ರ ಮನಿಗೆ ಬೇಕಾದೂ ಏನು?"

ವಿವರಿಸಿದೆ. ಅವಳು ನಂಬಲಿಲ್ಲ. ಹಸಿರು ಬಣ್ಣದಲ್ಲಿ ವಿಷವಿದ್ದರೆ ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದಳು. ಕೊನೆಗೆ ನಮ್ಮ ಹೊಲದಿಂದ ಒಂದು ಹೊರೆ ಹತ್ತಿಕಟ್ಟಿಗೆ ತಂದು ಹಾಕುತ್ತೇನೆಂದು ಒಪ್ಪಿಕೊಂಡ ಮೇಲೆ ತುಂಡುಗಳು ಹೊರಗೆ ಬಂದವು. ಮರುದಿನ ಹೊರೆ ಬರುವವರೆಗೂ ಅವಳು ನನ್ನ ಮುಖ ನೋಡಿ ಮಾತಾಡಲಿಲ್ಲ. ಬಂದ ಮೇಲೆ, ಹೊರೆ ಸಣ್ಣದಾಯಿತು ಎಂದಳು.

ಬಣ್ಣದ ಚೂರುಗಳನ್ನು ಚೀಟಿ ಹಚ್ಚಿದ ಲಕೋಟೆಗಳಲ್ಲಿ ಹಾಕಿ ಧಾರವಾಡದ ಒಂದು ಪ್ರಯೋಗಾಲಯಕ್ಕೆ ನಾನೇ ಒಯ್ದೆ. ದೊಡ್ಡ ಬಾಗಿಲಿನದು ಒಂದು, ಹುಡುಗಿಯ ಕಿಟಕಿಯದು ಒಂದು, ಸಾಹೇಬರ ಕೋಣೆಯ ಕಿಟಕಿಯದು ಒಂದು. ಆ ಮೂರನೆಯದನ್ನು ತೆಗೆದದ್ದು ಬರೀ ಸಮಾನತೆಯ ದೃಷ್ಟಿಯಿಂದ, ಬೇರೇನೂ ಉದ್ದೇಶವಿರಲಿಲ್ಲ ಎಂದು ಹೇಳಿದರೆ ನನ್ನನ್ನು ಬಲ್ಲವರು ನಂಬುವುದಿಲ್ಲ.

ಹುಡುಗಿ ಬೇವಿನ ಗಿಡದ ಕೆಳಗೇ ಕೂತು ಅರ್ಜಿ ತೆಗೆದುಕೊಳ್ಳುತ್ತ ಒಂದು ವಾರ ಕಳೆದ ಮೇಲೆ ವರದಿ ಬಂತು. ಮೂರರಲ್ಲೂ ಸೀಸ. ಎಲ್ಲಕ್ಕಿಂತ ಹೆಚ್ಚು ಸಾಹೇಬರ ಕಿಟಕಿಯಲ್ಲಿ. ಆ ಕಿಟಕಿಯ ಬಣ್ಣ ಬಿಸಿಲಿಗೆ ಸೀಳಿ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು, ಸಾಹೇಬರ ಚಹಾದ ಕಪ್ಪು ದಿನವೂ ಇರುತ್ತಿದ್ದದ್ದು ಅದರ ಹಲಗೆಯ ಮೇಲೆಯೇ.

ವರದಿ ಓದಿ ಸಾಹೇಬರು ಕಪ್ಪನ್ನು ಎರಡು ಬೆರಳಿನಿಂದ ಎತ್ತಿ ಮೇಜಿನ ಆಚೆಗೆ ಇಟ್ಟರು.

"ಇದು... ಕೂದಲಾ ಉದುರೂದಕ್ಕೂ ಇದಕ್ಕೂ ಏನರ ಸಂಬಂಧ ಐತೇನ್ರಿ?"

"ಗೊತ್ತಿಲ್ರಿ ಸಾಹೇಬ್ರ. ಅಜ್ಜಾವ್ರಿಗೆ ಕೂದಲಾ ಇತ್ತೇನ್ರಿ?" ಎಂದೆ. ಅವರಿಗೆ ಕೇಳಿಸಲಿಲ್ಲ, ಇಲ್ಲವೇ ಕೇಳಿಸದವರಂತೆ ಇದ್ದರು.

ಅಂದೇ ಮಧ್ಯಾಹ್ನ ಅವರು ರಕ್ತ ಪರೀಕ್ಷೆಗೆಂದು ಕಚೇರಿಯ ಜೀಪಿನಲ್ಲಿ ಹುಬ್ಬಳ್ಳಿಗೆ ಹೊರಟರು. ಜೀಪಿನ ಮುಂದೆ ನಿಂತು ನಾನು ಹುಡುಗಿಯನ್ನೂ ಕಾಕುವನ್ನೂ ಹಿಂದಿನ ಸೀಟಿಗೆ ಹತ್ತಿಸಿದೆ. ಸಾರ್ವಜನಿಕರ ಮುಂದೆ ಇಳಿಸಲಾಗದೆ ಸಾಹೇಬರು ಗಂಟಲು ಸರಿಮಾಡಿಕೊಂಡರು.

ಅದಾದ ಮೇಲೆ ಕಚೇರಿಯಲ್ಲಿ ಆದ ಬದಲಾವಣೆಯನ್ನು ನೋಡಬೇಕಿತ್ತು. ಮೇಲಿನಿಂದ ಸಿಗದ ಅನುಮತಿಗಳು ಎರಡು ದಿನದಲ್ಲಿ ಸಿಕ್ಕವು. ಕೆಲಸ ಮುಗಿಯುವವರೆಗೆ ಕಚೇರಿ ಪಕ್ಕದ ಖಾಲಿ ಸಮುದಾಯ ಭವನಕ್ಕೆ ಹೋಯಿತು. ಕಂಪ್ಯೂಟರಿನ ವೈರು ಉದ್ದವಾಯಿತು. ಸುರಕ್ಷತೆಯೇ ನಮ್ಮ ಮೊದಲ ಆದ್ಯತೆ ಎಂದು ಸಾಹೇಬರು ಸಭೆಯಲ್ಲಿ ಹೇಳಿದರು, ಅದನ್ನು ತಾವೇ ಕಂಡುಹಿಡಿದ ಮುಖದಲ್ಲಿ. ನಾನು ನಡಾವಳಿಯಲ್ಲಿ ಹಾಗೆಯೇ ಬರೆದೆ.

ಉಸ್ತುವಾರಿಗೆ ಚಾಚಾ ಬಂದರು. ಕೆರೆಯುವುದಿಲ್ಲ, ಒಳಗೆ ಕಾಲಿಡುವುದಿಲ್ಲ, ಹೊರಗಿನಿಂದ ಹೇಳಿಕೊಡುತ್ತೇನೆ ಎಂಬುದು ಅವರ ಕರಾರು. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತರೆಂದರೆ ಸಾಹೇಬರಿಗಿಂತ ಅವರೇ ಸಾಹೇಬರು. ಮೊದಲ ಮಾತೇ ಎಲ್ಲರನ್ನೂ ನಿರಾಶೆಗೊಳಿಸಿತು.

"ಎಲ್ಲಾ ಕೆರಿಯೂದು ಬ್ಯಾಡ್ರಿ. ಎಲ್ಲಿ ಗಟ್ಟಿ ಕುಂತೇತಿ ಅಲ್ಲಿ ಮುಟ್ಟಬ್ಯಾಡ್ರಿ. ಅದರ ಮ್ಯಾಲ ಹೊಸಾ ಬಣ್ಣಾ ಹಚ್ಚಿ ಮುಚ್ಚಿಬಿಡ್ರಿ. ಎಲ್ಲಿ ಎದ್ದೇತಿ, ಎಲ್ಲಿ ಬಾಗಲಾ ಚೌಕಟ್ಟಿಗೆ ತಿಕ್ಕತೈತಿ, ಅಷ್ಟ ತಗೀರಿ."

"ಹಂಗಾರ ಸಾಗವಾನಿ?" ಎಂದರು ಸಾಹೇಬರು.

"ಸಾಗವಾನಿ ಒಳಗ ಆರಾಮ ಐತ್ರಿ ಸಾಹೇಬ್ರ. ಅದನ್ಯಾಕ ಎಬ್ಬಸ್ತೀರಿ?"

ಗ್ರೈಂಡರುಗಳನ್ನು ಗುತ್ತಿಗೆದಾರ ಮುಖ ಊದಿಸಿಕೊಂಡು ವಾಪಸು ಒಯ್ದ. ಬಣ್ಣವನ್ನು ಬೆಂಕಿಯಿಂದ ಸುಟ್ಟು ತೆಗೆಯೋಣ, ಬೇಗ ಆಗುತ್ತದೆ ಎಂದು ಅವನು ಒಂದು ಉಪಾಯ ಹೇಳಿದ. ಚಾಚಾ ತಮ್ಮ ಜೋತ ಕೈಯನ್ನು ಅವನ ಮುಖದ ಮುಂದೆ ಹಿಡಿದರು. ಉಪಾಯ ಹಿಂದಕ್ಕೆ ಹೋಯಿತು. ಕೆರೆಯುವ ಜಾಗದ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳನ್ನು ಟೇಪಿನಿಂದ ಅಂಟಿಸಿ, ಆ ಕೋಣೆಯ ಉಳಿದ ಕಿಟಕಿ ಕದಗಳನ್ನೂ ಮುಚ್ಚಿದರು. ಹೊಲಕ್ಕೆ ಔಷಧಿ ಹೊಡೆಯುವ ಪಂಪಿನಿಂದ ನೀರು ಸಿಂಪಡಿಸುವುದು, ಬಣ್ಣ ತೊಯ್ದ ಮೇಲೆ ಕೈ ಕೆರಕದಿಂದ ತೆಗೆಯುವುದು, ಒಣಗಿತು ಎನಿಸಿದರೆ ಮತ್ತೆ ಸಿಂಪಡಿಸುವುದು. ಪಂಪು ಮಾತ್ರ ಹೊಸದೇ ಇರಬೇಕು ಎಂದು ಹೇಳಿದೆ. ಸೀಸದ ಜೊತೆ ಹತ್ತಿಯ ಕೀಟನಾಶಕವೂ ಸೇರುವುದು ಬೇಡ ಎಂದು.

ಮಾಸ್ಕಿನದೇ ದೊಡ್ಡ ಗೋಳು. ಪೇಂಟರುಗಳಿಬ್ಬರೂ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಂದು, ಇಷ್ಟು ಸಾಕು ಎಂದರು. ಸಾಲದು ಎಂದು, ಎರಡೂ ಬದಿಗೆ ಶೋಧಕದ ಡಬ್ಬಿ ಇರುವ ಮಾಸ್ಕುಗಳನ್ನು ಹುಬ್ಬಳ್ಳಿಯಿಂದ ತರಿಸಿದೆವು. ಹಾಕಿಕೊಂಡರೆ ಮುಖಕ್ಕೆ ಬಿಗಿಯಾಗಿ ಕೂರಬೇಕು. ಒಬ್ಬನ ಗಡ್ಡ ಅಡ್ಡ ಬಂತು.

"ಗಡ್ಡಾ ತಗೀಬೇಕಪಾ," ಎಂದೆ.

"ನನ್ನ ಹೇಣ್ತಿ ಗುರ್ತು ಹಿಡಿಯೂದಿಲ್ರಿ ಅಕ್ಕಾರ," ಎಂದ.

"ಗಡ್ಡ ಇಟಕೊಂಡು ಸೀಸಾ ಕುಡಿದ್ರ ನೀನ ಆಕೀ ಗುರ್ತು ಹಿಡಿಯೂದಿಲ್ಲ," ಎಂದರು ಚಾಚಾ. ಮರುದಿನ ಅವನು ನುಣ್ಣಗೆ ಬೋಳಿಸಿಕೊಂಡು ಬಂದ. ನಿಜವಾಗಿಯೂ ಗುರುತು ಸಿಗಲಿಲ್ಲ.

ಮೊದಲ ದಿನ ಸಾಹೇಬರೂ ಮಾಸ್ಕ್ ಹಾಕಿಕೊಂಡರು. ಬಾಗಿಲಿನ ಹೊರಗೆ ಕೆರಕ ಹಿಡಿದು ನಿಂತರು, ನಾಲ್ಕು ಕೋನದಿಂದ ಫೋಟೋ ಆಯಿತು, ಮಾಸ್ಕ್ ತೆಗೆದರು. ಫೋಟೋದಲ್ಲಿ ಮುಖ ಕಾಣುವುದಿಲ್ಲ ಎಂದು ಗಮನಕ್ಕೆ ಬಂದ ಮೇಲೆ ಅದನ್ನು ಹಣೆಗೆ ಏರಿಸಿಕೊಂಡು ಇನ್ನೊಂದು ಫೋಟೋ ಆಯಿತು. ಮೇಲಿನವರಿಗೆ ಹೋದದ್ದು ಅದೇ.

ಊಟಕ್ಕೆ ಹೊರಡುವ ಮುಂಚೆ ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಟ್ಟು, ಕೈ, ಮುಖ, ಉಗುರಿನ ಸಂದು ಎಲ್ಲವನ್ನೂ ಸಾಬೂನು ಹಚ್ಚಿ ತೊಳೆಯಬೇಕು. ಒಳಗೆ ಬೀಡಿಯಿಲ್ಲ, ಗುಟ್ಕಾ ಇಲ್ಲ, ಚಹಾ ಇಲ್ಲ. ಕೆಲಸದ ಬಟ್ಟೆ ಮನೆಗೆ ಹೋಗುವ ಹಾಗಿಲ್ಲ. ಮನೆಯಲ್ಲಿ ಮಕ್ಕಳಿರುತ್ತಾರೆ, ಆ ಬಟ್ಟೆ ಕೊಡವಿದರೆ ಅವರ ಬಾಯಿಗೆ ಹೋಗುತ್ತದೆ. ಇದರ ಕಾವಲಿಗೆ ನಿಂತವಳು ಕಾಕು. ನಂಬದವಳು ಯಾಕೆ ನಂಬಿದಳು ಎಂದರೆ, ಅವಳ ರಕ್ತದ ವರದಿಯಲ್ಲಿ ಸೀಸ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಗಾಬರಿಯಾಗುವಷ್ಟಲ್ಲ, ಇನ್ನು ಧೂಳಿಗೆ ಹೋಗಬೇಡಿ, ಮೂರು ತಿಂಗಳ ಮೇಲೆ ಮತ್ತೆ ನೋಡೋಣ ಎಂದಿದ್ದರು ಡಾಕ್ಟರು. ಅಂದಿನಿಂದ ಅವಳು ಒಣ ಕಸಬರಿಗೆ ಮುಟ್ಟಲಿಲ್ಲ. ನೆಲವನ್ನು ಒದ್ದೆ ಬಟ್ಟೆಯಿಂದಲೇ ಒರೆಸಬೇಕೆಂದು ಪೇಂಟರೊಬ್ಬನಿಗೆ ಅವಳು ಕೊಟ್ಟ ಪಾಠವನ್ನು ಇಲ್ಲಿ ಬರೆಯುವಂತಿಲ್ಲ. 'ಲೇ' ಎಂದು ಶುರುವಾಗಿ ಅವನ ವಂಶದವರೆಗೆ ಹೋಗಿತ್ತು.

ಸಾಹೇಬರ ರಕ್ತದಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಕೂದಲಿಗೆ ಬೇರೆ ಕಾರಣ ಹುಡುಕಬೇಕಾಯಿತು.

ಹುಡುಗಿಯ ವರದಿ ಬರುವುದು ಎರಡು ದಿನ ತಡವಾಯಿತು. ಆ ಎರಡು ದಿನ ನಾನು ಅವಳ ಮುಖ ನೋಡುವುದನ್ನು ತಪ್ಪಿಸಿಕೊಂಡು ತಿರುಗಿದೆ. ಅವಳೇ ಬಂದು ಎದುರಿಗೆ ಕೂತಳು. "ಅಕ್ಕಾರ, ನಾ ಒಂದ ದಿನಾ ಧೂಳಾ ಕುಡದದ್ದು ಅಷ್ಟಕ್ಕ ಕೂಸಿಗೆ ಏನೂ ಆಗೂದಿಲ್ಲಲ್ರಿ?" ಎಂದು ಕೇಳಿದಳು. ಡಾಕ್ಟರಲ್ಲದವಳು ಏನು ಹೇಳಲಿ? ಆಗೂದಿಲ್ಲವ್ವ ಎಂದೆ. ವರದಿ ಬಂದಾಗ ಡಾಕ್ಟರು ಚಿಂತೆಯಿಲ್ಲ ಎಂದರು. ಒಂದೇ ದಿನಕ್ಕೆ ನಿಂತದ್ದು ಒಳ್ಳೆಯದಾಯಿತು ಎಂದೂ ಸೇರಿಸಿದರು. ಹಾಲು, ಸೊಪ್ಪು, ಕಬ್ಬಿಣದ ಗುಳಿಗೆ ಬಿಡಬಾರದು ಎಂದು ಬರೆದು ಕೊಟ್ಟರು. ಅವಳು ತವರಿಗೆ ಫೋನು ಮಾಡಿ ಅದನ್ನು ಹೇಳುತ್ತಿದ್ದಾಗ ನಾನು ಸಮುದಾಯ ಭವನದ ಹಿಂದೆ ಹೋಗಿ ಒಬ್ಬಳೇ ಅತ್ತೆ.

ಹನ್ನೆರಡು ದಿನದಲ್ಲಿ ಕೆಲಸ ಮುಗಿಯಿತು. ಅಷ್ಟೂ ದಿನ ನಮ್ಮ ಕಚೇರಿಯಲ್ಲಿ ಇನ್ನೊಂದು ವಿಚಿತ್ರವೂ ನಡೆಯಿತು. ಸಮುದಾಯ ಭವನದಲ್ಲಿ ಹಿಂದಿನ ಕೋಣೆ ಎಂಬುದೇ ಇಲ್ಲದ್ದರಿಂದ ಅರ್ಜಿಗಳನ್ನು ಬಚ್ಚಿಡಲು ಜಾಗವಿರಲಿಲ್ಲ. ರೈತರು ಎದುರಿಗೇ ನಿಂತಿರುತ್ತಿದ್ದರು, ಅರ್ಜಿ ಮೇಜಿನ ಮೇಲೇ ಇರುತ್ತಿತ್ತು. ಬೇರೆ ದಾರಿಯಿಲ್ಲದೆ ವಿಲೇವಾರಿ ಮಾಡಿದೆವು.

ತಪಾಸಣೆಯ ಅಧಿಕಾರಿಗಳು ಬಂದರು. ಹಾರ ಹಾಕಿಸಿಕೊಂಡರು. ಅರ್ಧ ಸಾಗವಾನಿ, ಅರ್ಧ ಹೊಸ ಬಣ್ಣವಾಗಿದ್ದ ಬಾಗಿಲಿನ ಮುಂದೆ ನಿಜಕ್ಕೂ ನಿಂತರು. "ಮೊದಲಿನ ಹಸಿರೇ ಚೆನ್ನಾಗಿತ್ತಲ್ಲ," ಎಂದರು. ಸಾಹೇಬರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಧೈರ್ಯವಾಗಲಿಲ್ಲ ಎಂದರೆ ನಗು ಬರುತ್ತದೆಂದು. ಆದರೂ ಕಾರ್ಮಿಕರ ಸುರಕ್ಷತೆಗೆ ವಿಶೇಷ ಕಾಳಜಿ ತೋರಿದ್ದಕ್ಕಾಗಿ ಸಾಹೇಬರಿಗೆ ಪ್ರಶಂಸಾ ಪತ್ರ ಬಂತು. ಹಣೆಯ ಮೇಲಿನ ಮಾಸ್ಕು ಕೆಲಸ ಮಾಡಿತ್ತು. ಪತ್ರದಲ್ಲಿ ಚಾಚಾರ ಹೆಸರಿರಲಿಲ್ಲ. ನಾನು ಕೇಳಿದ್ದಕ್ಕೆ, ಖಾಸಗಿ ವ್ಯಕ್ತಿಗಳನ್ನು ಸೇರಿಸಲು ಅವಕಾಶವಿಲ್ಲ ಎಂದರು.

ಕೆರೆದ ಬಣ್ಣ, ಪ್ಲಾಸ್ಟಿಕ್ ಹಾಳೆ, ಒರೆಸಿದ ಬಟ್ಟೆ, ಕಾಕುವಿನ ಮನೆಯಿಂದ ತಂದ ತುಂಡುಗಳು, ಎಲ್ಲವನ್ನೂ ದಪ್ಪ ಚೀಲಗಳಲ್ಲಿ ಕಟ್ಟಿ, ಮುಚ್ಚಳವಿರುವ ಎರಡು ಡ್ರಮ್ಮುಗಳಲ್ಲಿ ಇಟ್ಟೆವು. 'ಸೀಸ, ಮುಟ್ಟಬಾರದು' ಎಂದು ಮೇಲೆ ಬರೆಸಿದೆವು. ಗುತ್ತಿಗೆದಾರ ಅವನ್ನು ಹಳ್ಳಕ್ಕೆ ಸುರಿದು ಬರುತ್ತೇನೆಂದು ಬಹಳ ಉತ್ಸಾಹ ತೋರಿಸಿದ. ಆ ಹಳ್ಳದ ನೀರು ದನಗಳು ಕುಡಿಯುವಂಥದ್ದು. ಡ್ರಮ್ಮುಗಳ ಕೋಣೆಗೆ ಬೀಗ ಹಾಕಿ ಕೀಲಿ ನನ್ನ ಹತ್ತಿರವೇ ಇಟ್ಟುಕೊಂಡೆ. ಇಂಥ ಕಸವನ್ನು ಒಯ್ಯಲು ಪರವಾನಗಿ ಇರುವವರೇ ಬರಬೇಕು, ಅವರನ್ನು ಕರೆಯಲು ಪತ್ರ ಬರೆಯಬೇಕು, ಪತ್ರಕ್ಕೆ ಉತ್ತರ ಬರಬೇಕು. ಉತ್ತರಗಳು ಬಂದವು. ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಂದು, ಡ್ರಮ್ಮಿನ ಭಾವಚಿತ್ರ ಲಗತ್ತಿಸಿ ಎಂದು ಒಂದು, ಭಾವಚಿತ್ರ ಸ್ಪಷ್ಟವಾಗಿಲ್ಲ ಎಂದು ಇನ್ನೊಂದು. ಸಾಹೇಬರು ಪ್ರಶಂಸಾ ಪತ್ರ ತೆಗೆದುಕೊಂಡು ವರ್ಗವಾಗಿ ಹೋದರು. ಹುಡುಗಿ ಹೆತ್ತು, ಬಾಣಂತನ ಮುಗಿಸಿ ಕೆಲಸಕ್ಕೆ ವಾಪಸು ಬಂದಳು. ಹೆಣ್ಣು ಕೂಸು, ಆರೋಗ್ಯವಾಗಿದೆ, ಕಿರುಚುವ ಶಕ್ತಿಯಂತೂ ಅಪಾರ. ಅದಾದ ಮೇಲೂ ಎಷ್ಟೋ ದಿನ ಡ್ರಮ್ಮುಗಳು ಅಲ್ಲೇ ಇದ್ದವು. ಕೊನೆಗೊಂದು ಮಧ್ಯಾಹ್ನ ಲಾರಿ ಬಂತು. ಇಬ್ಬರು ಕೈಗವಸು ಹಾಕಿಕೊಂಡು ಹುಷಾರಾಗಿ ಡ್ರಮ್ಮು ಏರಿಸಿದರು. ಚಾಲಕ ಕಾಗದ ಕೊಟ್ಟು ಮೂರು ಕಡೆ ಸಹಿ ಮಾಡಿಸಿಕೊಂಡ. ಸರ್ಕಾರಿ ನೌಕರಿಯಲ್ಲಿ ನಾನು ಅಷ್ಟು ಸಂತೋಷದಿಂದ ಮಾಡಿದ ಸಹಿ ಬೇರೆ ಇಲ್ಲ.

ಚಾಚಾ ಈಗ ಅಕ್ಷರ ಬರೆಯುವುದೂ ಕಡಿಮೆ. ಕೈ ಪೂರ್ತಿ ಸರಿಯಾಗಿಲ್ಲ, ಆದರೆ ಮೊದಲಿನ ಹಾಗೆ ಜೋಲುವುದಿಲ್ಲ. ನಿಧಾನಕ್ಕೆ ಚಹಾದ ಕಪ್ಪು ಎತ್ತುತ್ತಾರೆ. ಅಣ್ಣಿಗೇರಿ, ಕುಂದಗೋಳದ ಕಡೆಯ ಪೇಂಟರುಗಳು ಹಳೇ ಕಟ್ಟಡದ ಕೆಲಸ ಸಿಕ್ಕರೆ ಅವರಿಗೆ ಫೋನು ಮಾಡುತ್ತಾರೆ. ಎಲ್ಲರೂ ಅಲ್ಲ, ಕೆಲವರು. ಉಳಿದವರು ಅವರನ್ನು ಸೀಸದ ಚಾಚಾ ಎಂದು ಕರೆದು ನಗುತ್ತಾರಂತೆ. ಮೊನ್ನೆ ಕಚೇರಿಗೆ ಬಂದಿದ್ದರು. ಚಹಾ ಕೊಟ್ಟೆ.

"ನಗಾಕತ್ತಾರಂತಲ್ರಿ ಚಾಚಾ," ಎಂದೆ.

"ನಗಲಿ ತಗೋರಿ ಅಕ್ಕಾರ," ಎಂದರು. "ನಕ್ಕೋತ ನಕ್ಕೋತ ನೀರು ಹೊಡದು ಕೆರದ್ರ ಸಾಕು." ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಈ ಚಾದಾಗ ಸಕ್ಕರಿ ಹಾಕೂದು ಯಾರರ ನಿಂದ್ರಿಸ್ಯಾರೇನು?"